ಶನಿವಾರದ ಬಟವಾಡೆ, ಭಾನುವಾರದ ಶುಭಸಂದೇಶ

ನಮ್ಮ ಮನೆಯ ಕೆಳಗಿನ ಹಾಲ್‌ನಲ್ಲಿ ಒಂಬತ್ತು ಹೊಲಿಗೆ ಮಷಿನ್ ಇವೆ. ಜೀನ್ಸ್ ಪ್ಯಾಂಟ್ ಹೊಲಿಯುತ್ತೇವೆ. ಬಳ್ಳಾರಿಯವರಿಗೆ ಇದೇನು ಹೊಸದಲ್ಲ. ನಮ್ಮ ಕೌಲ್‌ಬಜಾರ್ ಕಡೆ ಬಂದರೆ ಗಲ್ಲಿ ಗಲ್ಲಿಯಲ್ಲೂ ಮಷಿನ್ ಸದ್ದು ಕೇಳುತ್ತದೆ. ಒಂದು ಮನೆಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಕಾಜಾ ಬಟನ್, ಆಮೇಲೆ ವಾಷಿಂಗ್. ಒಂದು ಪ್ಯಾಂಟ್ ಅಂಗಡಿ ಸೇರುವಷ್ಟರಲ್ಲಿ ಎಷ್ಟೋ ಕೈ ದಾಟಿರುತ್ತದೆ. ನಮ್ಮದು ಜಾಬ್‌ವರ್ಕ್. ಬಟ್ಟೆ ಪಾರ್ಟಿಯದು, ಅಂದರೆ ಆರ್ಡರ್ ಕೊಡೋ ವ್ಯಾಪಾರಿಯದು, ಕೂಲಿ ನಮ್ಮದು.

ಡಿಸೆಂಬರ್ ಬಂತು ಅಂದರೆ ಮನೆಯಲ್ಲಿ ಯಾರಿಗೂ ಊಟದ ಹೊತ್ತು ಅಂತ ಇರುವುದಿಲ್ಲ. ನಮ್ಮ ಮಾಲು ಜಾಸ್ತಿ ಹೋಗುವುದು ಆಂಧ್ರದ ಕಡೆ. ಅಲ್ಲಿ ಸಂಕ್ರಾಂತಿ ಅಂದರೆ ಮನೆಮಂದಿಗೆಲ್ಲ ಹೊಸ ಬಟ್ಟೆ. ಸಂಕ್ರಾಂತಿ ಜನವರಿ ನಡುವೆ ಬರುತ್ತದೆ, ಅಂಗಡಿಯವರಿಗೆ ಮಾಲು ಎರಡು ಮೂರು ವಾರ ಮುಂಚೆಯೇ ಬೇಕು. ಹಾಗಾಗಿ ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಕೆಲಸ ಮುಗಿದು ಲಾರಿ ಏರಿರಬೇಕು. ಬೇರೆಯವರ ಹಬ್ಬದ ಬಟ್ಟೆ ಹೊಲಿಯುತ್ತಾ ಹೊಲಿಯುತ್ತಾ ನನ್ನ ಹಬ್ಬ ಬಂದುಬಿಟ್ಟಿರುತ್ತದೆ.

ನಾವು ಕಥೋಲಿಕರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಆಗಮನ ಕಾಲ ಅನ್ನುತ್ತೇವೆ. ಗುರುಗಳು ನೇರಳೆ ಬಣ್ಣದ ವಸ್ತ್ರ ಹಾಕುತ್ತಾರೆ. ಪೀಠದ ಪಕ್ಕ ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದರಂತೆ ಹಚ್ಚುತ್ತಾರೆ. ಭಾನುವಾರದ ಪೂಜೆಯಲ್ಲಿ ಹಾಡುವ ಮಹಿಮಾಗೀತೆಯನ್ನು ಈ ನಾಲ್ಕು ವಾರ ಹಾಡುವುದಿಲ್ಲ. ಅದು ದೇವದೂತರು ಬೆತ್ಲೆಹೇಮಿನ ಕುರುಬರಿಗೆ ಕೇಳಿಸಿದ ಹಾಡು, ಅಲ್ವಾ? ಮಗು ಹುಟ್ಟೋವರೆಗೂ ಆ ಹಾಡು ಕಾಯುತ್ತದೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟಿದರೂ ತೊಟ್ಟಿಲು ಮಾತ್ರ 24ರ ರಾತ್ರಿಯವರೆಗೆ ಖಾಲಿ ಇರುತ್ತದೆ.

ನಮ್ಮವ್ವ ಮುದಗಲ್‌ನವಳು. ಮೊಹರಂಗೆ ಹೆಸರಾದ ಊರು ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತರು ಇದ್ದಾರೆ ಅನ್ನೋದು ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಆಗಮನ ಕಾಲದ ಮೊದಲ ದಿನ ಅವ್ವ ದೇವರ ಪಟದ ಕೆಳಗೆ ಒಂದು ಖಾಲಿ ಬುಟ್ಟಿ ಇಡುತ್ತಿದ್ದಳು. ಪಕ್ಕದಲ್ಲಿ ಒಂದು ಹಿಡಿ ಭತ್ತದ ಹುಲ್ಲು. ನಾವು ಮಕ್ಕಳು ಯಾರಿಗಾದರೂ ಒಂದು ಒಳ್ಳೆಯದು ಮಾಡಿದರೆ ಒಂದು ಎಳೆ ಹುಲ್ಲು ಬುಟ್ಟಿಗೆ ಹಾಕಬೇಕು. ಬಾಲಯೇಸುವಿಗೆ ಹಾಸಿಗೆ ಅದೇ. ಏನು ಮಾಡಿದ್ದಕ್ಕೆ ಹಾಕಿದ್ದು ಅಂತ ಯಾರಿಗೂ ಹೇಳುವಂತಿಲ್ಲ. ಯಾರೂ ಕೇಳುವಂತೆಯೂ ಇಲ್ಲ. ಕೆಲವು ವರ್ಷ ಹುಲ್ಲು ಬುಟ್ಟಿಯ ತಳ ಕೂಡ ಮುಚ್ಚುತ್ತಿರಲಿಲ್ಲ. ಅವ್ವ ಹೊರಗಿನಿಂದ ತಂದು ತುಂಬುತ್ತಿರಲಿಲ್ಲ. ಇದ್ದಷ್ಟರ ಮೇಲೆಯೇ ಮಲಗಿಸುತ್ತಿದ್ದಳು.

ಆ ಬುಟ್ಟಿಯ ಪದ್ಧತಿ ನನ್ನ ಮನೆಯಲ್ಲಿ ಮುಂದುವರಿಯಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಎರಡು ವರ್ಷ ಮಾಡಿದೆ. ಆಮೇಲೆ ಮಷಿನ್ ಬಂತು, ಸಾಲ ಬಂತು, ಡಿಸೆಂಬರ್ ಬೇರೆ ಥರ ಆಯಿತು.

ಬರೆಯಬೇಕು ಅಂತ ಕೂತದ್ದು ಹೋದ ವರ್ಷದ ಆಗಮನ ಕಾಲದ ಬಗ್ಗೆ, 2024ರದ್ದು. ಡಿಸೆಂಬರ್ 1ಕ್ಕೆ ಮೊದಲ ಭಾನುವಾರ ಬಿತ್ತು. ಅವತ್ತು ಪೂಜೆಯಲ್ಲಿ ಓದಿದ ಶುಭಸಂದೇಶ, ಅಂದರೆ ಬೈಬಲ್ಲಿನಲ್ಲಿ ಯೇಸುವಿನ ಬದುಕು, ಮಾತು ಹೇಳೋ ಭಾಗ, ಲೂಕನದು, 21ನೇ ಅಧ್ಯಾಯ. ಯೇಸು ಶಿಷ್ಯರಿಗೆ ಎಚ್ಚರ ಹೇಳುತ್ತಾರೆ. ಕುಡಿತ, ಮೋಜಿನಿಂದ ನಿಮ್ಮ ಹೃದಯ ಭಾರ ಆಗದಂತೆ ನೋಡಿಕೊಳ್ಳಿ ಅನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಬದುಕಿನ ಚಿಂತೆಗಳನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಕುಡಿತ ನಮ್ಮ ಮನೆಯಲ್ಲಿಲ್ಲ. ಮೋಜಿಗೆ ಪುರುಸೊತ್ತಿಲ್ಲ. ಮೂರನೆಯದು ಮಾತ್ರ ನನ್ನನ್ನೇ ನೋಡಿ ಹೇಳಿದ ಹಾಗಿತ್ತು. ದುಡಿದು ದಣಿಯೋದು ತಪ್ಪಲ್ಲ ಅಂತ ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಕುಡಿದವನ ಕಣ್ಣಿಗೆ ಎದುರಿಗಿರುವ ಮನುಷ್ಯ ಹೇಗೆ ಸರಿಯಾಗಿ ಕಾಣುವುದಿಲ್ಲವೋ, ಚಿಂತೆ ಹೊತ್ತವರಿಗೂ ಹಾಗೇ ಆಗುತ್ತದೆ ಅಂತ ಅವತ್ತು ಹೊಳೆಯಿತು. ಹೊಳೆದದ್ದು ಅಲ್ಲೇ ಉಳಿಯಿತು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿ ಕೆಳಗೆ ಹೋದೆ.

ಆದರೂ ಆ ವಾರ ಒಂದು ನಿರ್ಧಾರ ಮಾಡಿದೆ. ದಿನಾ ಹದಿನೈದು ನಿಮಿಷ ಪ್ರಾರ್ಥನೆಗೆ ಅಂತ ಎತ್ತಿಡಬೇಕು. ಇದಕ್ಕೆ ಧೈರ್ಯ ಕೊಟ್ಟವರು ನಮ್ಮ ಮಾಸ್ಟರ್. ಹೊಲಿಗೆಯಲ್ಲಿ ಅವರು ನಮ್ಮಲ್ಲಿ ಹಿರಿಯರು, ಮುಸ್ಲಿಮರು. ಎಷ್ಟೇ ಅರ್ಜೆಂಟ್ ಇರಲಿ, ನಮಾಜ್ ಹೊತ್ತಿಗೆ ಮಷಿನ್ ನಿಲ್ಲಿಸುತ್ತಾರೆ. "ಅಕ್ಕಾ, ಬಂದೆ" ಅಂತ ಒಂದೇ ಮಾತು. ಕೈಕಾಲು ತೊಳೆದು ಹೋಗುತ್ತಾರೆ, ಬಂದು ಬಿಟ್ಟಲ್ಲಿಂದ ಹೊಲಿಗೆ ಹಿಡಿಯುತ್ತಾರೆ. ಅವರಿಂದ ಒಂದು ದಿನವೂ ಮಾಲು ತಡ ಆಗಿಲ್ಲ. ಅವರಿಗೆ ಆಗೋದು ನನಗೆ ಯಾಕೆ ಆಗಬಾರದು ಅನ್ನಿಸಿತು. ಬೆಳಿಗ್ಗೆ ಐದೂವರೆಗೆ, ಮಷಿನ್ ಶುರುವಾಗೋಕೆ ಮುಂಚೆ, ಮಹಡಿ ಮೇಲೆ ಕುರ್ಚಿ ಹಾಕಿಕೊಂಡು ಜಪಸರ ಹಿಡಿದು ಕೂತೆ. ಡಿಸೆಂಬರ್‌ನಲ್ಲಿ ನಮ್ಮ ಊರಲ್ಲಿ ಆ ಹೊತ್ತಿಗೆ ಒಂದಿಷ್ಟು ತಣ್ಣಗಿರುತ್ತದೆ. ವರ್ಷವಿಡೀ ಬಿಸಿಲು ಕಾದ ಊರಿಗೆ ಅದೇ ಭಾಗ್ಯ. ದೂರದಲ್ಲಿ ಕೋಟೆ ಗುಡ್ಡ ಮಸುಕು ಮಸುಕಾಗಿ ಕಾಣುತ್ತದೆ. ನಿಜ ಹೇಳುತ್ತೇನೆ, ಆ ದಿನಗಳು ತುಂಬ ಚೆನ್ನಾಗಿದ್ದವು. ಮನಸ್ಸು ಹಗುರ ಆಯಿತು. ಈ ಸಲ ಕ್ರಿಸ್‌ಮಸ್‌ಗೆ ನಾನು ತಯಾರಾಗುತ್ತಿದ್ದೇನೆ ಅನ್ನಿಸಿತು.

ಅದೇ ವಾರದ ಶನಿವಾರ, ಡಿಸೆಂಬರ್ 7. ಬಟವಾಡೆ, ಅಂದರೆ ವಾರದ ಕೂಲಿ ಕೊಡೋ ದಿನ.

ನಮ್ಮಲ್ಲಿ ದಾರ ಕತ್ತರಿಸೋ ಕೆಲಸಕ್ಕೆ ಮೂವರು ಹೆಂಗಸರು ಬರುತ್ತಾರೆ. ಹೊಲಿದ ಪ್ಯಾಂಟಿನಲ್ಲಿ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಚಿಕ್ಕ ಕತ್ತರಿಯಿಂದ ಕತ್ತರಿಸೋದು. ಸಣ್ಣ ಕೆಲಸ ಅಂತ ಕಾಣುತ್ತದೆ. ದಿನವಿಡೀ ಬೆನ್ನು ಬಗ್ಗಿಸಿ ಕೂತು ಮಾಡಿದರೆ ಗೊತ್ತಾಗುತ್ತದೆ. ಪೀಸ್ ಲೆಕ್ಕದಲ್ಲಿ ಕೂಲಿ. ಅವರಲ್ಲಿ ಒಬ್ಬಾಕೆ ನನ್ನ ವಯಸ್ಸಿನವಳು, ಗಂಡ ಇಲ್ಲ, ಇಬ್ಬರು ಮಕ್ಕಳು. ಹೆಸರು ಬರೆಯುವುದಿಲ್ಲ. ಆ ವಾರ ಪಾರ್ಟಿಯವರು 14 ಪೀಸ್ ವಾಪಸ್ ತೋರಿಸಿದರು. ತೊಡೆ ಹೊಲಿಗೆಯ ಪಕ್ಕ ಸಣ್ಣ ಸಣ್ಣ ತೂತು. ಡ್ಯಾಮೇಜ್ ಅಂತ ನಮ್ಮ ಬಿಲ್‌ನಲ್ಲಿ 3,500 ರೂಪಾಯಿ ಹಿಡಿದುಕೊಂಡರು. ಆ ಲಾಟ್ ದಾರ ಕತ್ತರಿಸಿದ್ದು ಆಕೆ. ಕತ್ತರಿ ತುದಿ ತಾಗಿರಬೇಕು ಅಂತ ನಾನು ತೀರ್ಮಾನ ಮಾಡಿದೆ. ಆಕೆಯ ವಾರದ ಕೂಲಿ 1,600 ರೂಪಾಯಿ ಆಗಿತ್ತು. 900 ಹಿಡಿದು 700 ಕೊಟ್ಟೆ.

ಆಕೆ ದುಡ್ಡು ನೋಡಿದಳು. ನನ್ನ ಮುಖ ನೋಡಿದಳು. "14 ಪೀಸ್ ಡ್ಯಾಮೇಜ್ ಆಗೈತೆ" ಅಂದೆ ನಾನು. ಆಗಲೇ ಮುಂದಿನವರ ಲೆಕ್ಕ ತೆಗೆದಿದ್ದೆ. ಆಕೆ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಂಡು ಹೋದಳು. ಪೂರ್ತಿ ನಷ್ಟ ಆಕೆಯ ಮೇಲೆ ಹಾಕಲಿಲ್ಲ, ನಾವೇ ಜಾಸ್ತಿ ಹೊತ್ತುಕೊಂಡೆವು ಅಂತ ನನಗೆ ಒಳಗೊಳಗೇ ಸಮಾಧಾನ ಕೂಡ ಆಯಿತು.

ಮರುದಿನ ಎರಡನೇ ಭಾನುವಾರ. ಸೋಮವಾರ ಆಕೆ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಇಂಥ ಹೊತ್ತಲ್ಲಿ ಕೈ ಕೊಟ್ಟಳಲ್ಲ ಅಂತ ಬೇಜಾರಾಯಿತು. ಮಕ್ಕಳು ಶಾಲೆಯಿಂದ ಬಂದ ಮೇಲೆ ಅವರನ್ನೂ ಕೂರಿಸಿಕೊಂಡು ನಾನೇ ದಾರ ಕತ್ತರಿಸಿದೆ. ಆ ವಾರವೂ ದಿನಾ ಬೆಳಿಗ್ಗೆ ಐದೂವರೆಗೆ ಮಹಡಿ ಮೇಲೆ ಕೂತಿದ್ದೆ. ಇದನ್ನು ಒತ್ತಿ ಹೇಳಬೇಕು. ಹದಿನೈದು ನಿಮಿಷ, ಒಂದು ದಿನವೂ ತಪ್ಪಲಿಲ್ಲ. ಆ 900 ರೂಪಾಯಿ ಕೆಳಗಿನ ಡ್ರಾಯರ್‌ನಲ್ಲಿತ್ತು, ನಾನು ಮೇಲೆ ಜಪಸರ ಉರುಳಿಸುತ್ತಿದ್ದೆ. ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ.

ಹಬ್ಬದ ಗಡಿಬಿಡಿಯಲ್ಲಿ ದೇವರಿಗೆ ಒಂದಿಷ್ಟು ಹೊತ್ತು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತು. ನಾನೂ ಹೇಳುತ್ತೇನೆ. ಆದರೆ ಆ ಹೊತ್ತನ್ನು ಗಡಿಬಿಡಿಯಿಂದ ಕತ್ತರಿಸಿ ಬೇರೆ ಇಟ್ಟರೆ, ಗಡಿಬಿಡಿ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ. ನನಗೆ ಆದದ್ದು ಅದೇ.

ಮೂರನೇ ಭಾನುವಾರ ಡಿಸೆಂಬರ್ 15. ಆಗಮನ ಕಾಲದಲ್ಲಿ ಅದು ಸಂತೋಷದ ಭಾನುವಾರ. ನೇರಳೆ ಬದಲು ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುತ್ತಾರೆ. ಅವತ್ತು ಓದಿದ್ದು ಲೂಕನ 3ನೇ ಅಧ್ಯಾಯ. ಯೇಸುವಿಗಿಂತ ಮುಂಚೆ ಬೋಧನೆ ಶುರು ಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನರು ಜೋರ್ಡಾನ್ ನದಿಯ ಹತ್ತಿರ ಜನರಿಗೆ ಬೋಧಿಸುತ್ತಿದ್ದಾರೆ. ಪ್ರಭುವಿನ ದಾರಿ ಸಿದ್ಧ ಮಾಡಿ ಅನ್ನುತ್ತಿದ್ದಾರೆ. ಆಗ ಜನ ಕೇಳುತ್ತಾರೆ, ಹಾಗಾದರೆ ನಾವೇನು ಮಾಡಬೇಕು?

ಈ ಪ್ರಶ್ನೆಯನ್ನು ಮೂರು ಥರದ ಜನ ಮೂರು ಸಲ ಕೇಳುತ್ತಾರೆ. ಸಾಮಾನ್ಯ ಜನ ಕೇಳಿದಾಗ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೇ ಮಾಡಲಿ ಅನ್ನುತ್ತಾರೆ. ಸುಂಕ ವಸೂಲಿಯವರು ಕೇಳಿದಾಗ, ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾರೆ. ಸಿಪಾಯಿಗಳು ಕೇಳಿದಾಗ, ಹೆದರಿಸಿ ಯಾರಿಂದಲೂ ದುಡ್ಡು ಕಿತ್ತುಕೊಳ್ಳಬೇಡಿ, ಸುಳ್ಳು ಆಪಾದನೆ ಹೊರಿಸಬೇಡಿ, ನಿಮ್ಮ ಸಂಬಳ ನಿಮಗೆ ಸಾಕಾಗಲಿ ಅನ್ನುತ್ತಾರೆ.

ನಾನು ಚಿಕ್ಕಂದಿನಿಂದ ಕೇಳಿದ ಭಾಗ ಇದು. ಅವತ್ತು ಮೊದಲು ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು. ಸಂಬಳ ಸಾಕಾಗಲಿ. ನೋಡು, ಕೆಲಸಕ್ಕೆ ಬಾರದೆ ಕೂತವಳಿಗೆ ಇದನ್ನು ಕೇಳಿಸಬೇಕು ಅಂತ ಮನಸ್ಸು ಹೇಳಿತು. ಹಾಗೆ ಅನ್ನಿಸಿದ ಮರುಕ್ಷಣವೇ ಎದೆ ಧಸಕ್ ಅಂದಿತು. ಆ ಮಾತು ಹೇಳಿದ್ದು ಕೂಲಿಯವರಿಗಲ್ಲ. ಕೈಯಲ್ಲಿ ಅಧಿಕಾರ ಇದ್ದವರಿಗೆ. ಇನ್ನೊಬ್ಬರ ದುಡ್ಡು ಹಿಡಿದುಕೊಳ್ಳೋ ಶಕ್ತಿ ಇದ್ದವರಿಗೆ. ನಮ್ಮ ಹಾಲ್‌ನಲ್ಲಿ ಆ ಸಿಪಾಯಿ ನಾನು. ಸುಳ್ಳು ಆಪಾದನೆ ಅನ್ನೋ ಮಾತು ಅದರ ಹಿಂದೆಯೇ ಬಂದು ಕೂತಿತು. ಆ ತೂತು ಆಕೆಯ ಕತ್ತರಿಯದು ಅಂತ ನನಗೆ ಯಾರು ಹೇಳಿದ್ದರು?

ಇನ್ನೊಂದನ್ನೂ ಅವತ್ತೇ ಗಮನಿಸಿದೆ. ಯೊವಾನ್ನರು ಸ್ವತಃ ಮರಳುಗಾಡಿನಲ್ಲಿ ಇದ್ದವರು. ಮಿಡತೆ, ಕಾಡುಜೇನು ತಿಂದು ಬದುಕಿದವರು. ಆದರೂ ಕೇಳಲು ಬಂದವರಿಗೆ, ಕೆಲಸ ಬಿಟ್ಟು ನನ್ನ ಜೊತೆ ಬನ್ನಿ ಅನ್ನಲಿಲ್ಲ. ವಸೂಲಿಯವನು ವಸೂಲಿ ಮಾಡಲಿ, ಸಿಪಾಯಿ ಸಿಪಾಯಿಯಾಗಿಯೇ ಇರಲಿ. ಅವರ ಕೆಲಸದ ಒಳಗೇ, ಅವರ ಲೆಕ್ಕದ ಪುಸ್ತಕದ ಒಳಗೇ ಪ್ರಭುವಿನ ದಾರಿ ಹಾಕಿಕೊಟ್ಟರು. ಬಿಡುವೇ ಇಲ್ಲದ ನನ್ನಂಥವರಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೆ ಇಲ್ಲ. ತಪ್ಪಿಸಿಕೊಳ್ಳೋಕೆ ಆಗದ ಮಾತೂ ಇದೇ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೈಬಲ್ಲನ್ನು ಕನ್ನಡಕ್ಕೆ ತರೋ ಕೆಲಸ ನಡೆದದ್ದು ನಮ್ಮ ಈ ಬಳ್ಳಾರಿಯಲ್ಲೇ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅನ್ನುವವರು 1810ರಲ್ಲಿ ಇಲ್ಲಿಗೆ ಬಂದರು. ಕನ್ನಡ ಕಲಿತು, ಇಲ್ಲೇ ಕೂತು ಅನುವಾದ ಮಾಡಿದರು. ಪೂರ್ತಿ ಬೈಬಲ್ ಆಗೋಕೆ ಸುಮಾರು 20 ವರ್ಷ ಹಿಡಿಯಿತು. ಅವರು ಪ್ರೊಟೆಸ್ಟೆಂಟರು, ನಾವು ಬೇರೆ ಸಭೆಯವರು, ಇವತ್ತು ನಾವು ಓದೋ ಅನುವಾದವೂ ಬೇರೆ. ಆದರೂ ನಾವೇನು ಮಾಡಬೇಕು ಅನ್ನೋ ಆ ಪ್ರಶ್ನೆ ಈ ಊರಿನ ಬಿಸಿಲಲ್ಲಿ ಕೂತು ಕನ್ನಡ ಕಲಿತಿತು ಅಂತ ನೆನೆದರೆ ನನಗೆ ಆನಂದ ಆಗುತ್ತದೆ.

ಮನೆಗೆ ಬಂದವಳೇ ಮಾಸ್ಟರ್‌ಗೆ ಫೋನ್ ಮಾಡಿದೆ. ಆ 14 ಪೀಸ್ ತೂತು ಕತ್ತರಿಯದೇನಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕತ್ತರಿಯದೂ ಇರಬಹುದು ಅಕ್ಕಾ, ಓವರ್‌ಲಾಕ್ ಮಷಿನ್ ಬ್ಲೇಡಿಂದೂ ಇರಬಹುದು. ಆ ವಾರ ಬ್ಲೇಡ್ ಸರಿ ಇರಲಿಲ್ಲ. ಪೀಸು ಕೈಯಾಗ ಇಲ್ಲ, ಈಗ ಹೆಂಗ ಹೇಳೋದು?" ಅಂದರು.

ನಿಜ ತಿಳಿಯೋ ದಾರಿ ಮುಚ್ಚಿತ್ತು. ಮುಚ್ಚಿದ್ದು ನನ್ನ ಅವಸರ. ಅವತ್ತು ಐದು ನಿಮಿಷ ಆ ಪೀಸ್‌ಗಳನ್ನು ಬೆಳಕಿಗೆ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು. ಕತ್ತರಿಯ ತೂತು ಬೇರೆ, ಬ್ಲೇಡಿನದು ಬೇರೆ. ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿ ಇದ್ದವಳಿಗೆ ಅಷ್ಟು ತಿಳಿಯುತ್ತದೆ.

ಅವತ್ತೇ ಹೋಗಿ ದುಡ್ಡು ಕೊಟ್ಟೆ ಅಂತ ಬರೆಯೋ ಆಸೆ ಇದೆ. ಹೋಗಲಿಲ್ಲ. ಸೋಮವಾರ ಹೋಗೋಣ ಅಂದುಕೊಂಡೆ. ಸೋಮವಾರ ಝಿಪ್ ಬಂದಿರಲಿಲ್ಲ, ಅದರ ಹಿಂದೆ ಓಡಾಟ. ಮಂಗಳವಾರ ಕರೆಂಟ್ ಹೋಯಿತು. ಆಕೆಯೇ ಬಂದರೆ ಕೊಟ್ಟುಬಿಡೋಣ ಅಂತ ಇನ್ನೊಂದು ಯೋಚನೆ. ತಪ್ಪು ಗೊತ್ತಾಗೋದಕ್ಕೂ ಕಾಲು ಎತ್ತಿ ಇಡೋದಕ್ಕೂ ನಡುವೆ ಎಷ್ಟು ದೂರ ಇರುತ್ತದೆ ಅಂತ ಆ ಮೂರು ದಿನದಲ್ಲಿ ಕಂಡೆ.

ಬುಧವಾರ ಸಂಜೆ ಚರ್ಚ್‌ನಲ್ಲಿ ಹಬ್ಬದ ಮುಂಚಿನ ಪಾಪನಿವೇದನೆ, ಅಂದರೆ ಫಾದರ್ ಎದುರು ತಪ್ಪು ಒಪ್ಪಿಕೊಳ್ಳೋದು, ಇತ್ತು. ಸಾಲು ಉದ್ದ ಇತ್ತು. ನನ್ನ ಸರದಿ ಬಂದಾಗ ಕೋಪ ಮಾಡಿಕೊಂಡದ್ದು, ಪ್ರಾರ್ಥನೆ ಬಿಟ್ಟದ್ದು ಎಲ್ಲ ಹೇಳಿ ಕೊನೆಗೆ ಇದನ್ನು ಹೇಳಿದೆ. ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಫಾದರ್ ಒಂದೇ ಪ್ರಶ್ನೆ ಕೇಳಿದರು. "ಆ ದುಡ್ಡು ವಾಪಸ್ ಕೊಟ್ಟಿದ್ದೀರಾ?" ಇಲ್ಲ ಅಂದೆ. "ಯಾವಾಗ ಕೊಡ್ತೀರಿ?" ಅಂದರು. ಭಾನುವಾರದ ಒಳಗೆ ಅಂದೆ. "ಕೈಗೆ ಕೊಡಿ. ಯಾರ ಕೈಯಲ್ಲೂ ಕಳಿಸಬೇಡಿ" ಅಂದರು. ನಾನು ಮಗನ ಕೈಯಲ್ಲಿ ಕಳಿಸೋಣ ಅಂತಲೇ ಅಂದುಕೊಂಡಿದ್ದೆ.

ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕು ಅನ್ನೋದು ನಮ್ಮ ಸಭೆಯ ಹಳೆಯ ಪಾಠ. ಬರೀ ಪಶ್ಚಾತ್ತಾಪ ಸಾಲದು. ಸುಂಕದವನಾಗಿದ್ದ ಜಕ್ಕಾಯ, ಯೇಸು ತಾವಾಗಿಯೇ ತನ್ನ ಮನೆಗೆ ಬಂದಾಗ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಅಂದ. ಅವನು ಅಷ್ಟು ಹೇಳಿದ ಮೇಲೆಯೇ ಯೇಸು, ಇವತ್ತು ಈ ಮನೆಗೆ ರಕ್ಷಣೆ ಬಂತು ಅಂದದ್ದು. ಮಕ್ಕಳಿಗೆ ಜ್ಞಾನೋಪದೇಶದಲ್ಲಿ ನಾನೇ ಈ ಕಥೆ ಹೇಳಿಕೊಟ್ಟಿದ್ದೇನೆ. ಮರ ಹತ್ತಿದ ಗಿಡ್ಡ ಮನುಷ್ಯನ ಕಥೆ ಅಂತ.

ಡಿಸೆಂಬರ್ 22, ನಾಲ್ಕನೇ ಭಾನುವಾರ. ಅವತ್ತಿನ ಶುಭಸಂದೇಶದಲ್ಲಿ ಯೇಸುವಿನ ತಾಯಿ ಮರಿಯಮ್ಮನವರು ತಮ್ಮ ಬಂಧು ಎಲಿಜಬೇತಮ್ಮನ ಮನೆಗೆ ಹೋಗುತ್ತಾರೆ. ತಾವೇ ಗರ್ಭಿಣಿ. ಗುಡ್ಡಗಾಡಿನ ದಾರಿ. ಅವಸರದಿಂದ ಹೋದರು ಅಂತ ಬರೆಯುತ್ತಾನೆ ಲೂಕ. ಅವಸರ ಅನ್ನೋ ಮಾತನ್ನು ನಾನು ಅಷ್ಟು ವರ್ಷ ಗಮನಿಸಿರಲೇ ಇಲ್ಲ. ದೇವಮಾತೆಗೂ ಅವಸರ ಇತ್ತು. ನನ್ನ ಅವಸರ ಎಲ್ಲರನ್ನೂ ದಾಟಿಕೊಂಡು ಹೋಗೋ ಅವಸರ. ಅವರದು ಒಬ್ಬ ಮನುಷ್ಯಳ ಮನೆ ಬಾಗಿಲಿಗೆ ತಲುಪೋ ಅವಸರ. ತಲುಪಿದ ಮೇಲೆ ಮೂರು ತಿಂಗಳು ಅಲ್ಲೇ ಇದ್ದರು.

ಪೂಜೆ ಮುಗಿಸಿ, ಸೀರೆ ಕೂಡ ಬದಲಿಸದೆ, ಆಕೆಯ ಮನೆ ಹುಡುಕಿಕೊಂಡು ಹೋದೆ. ಐದು ವರ್ಷ ನನ್ನ ಹತ್ತಿರ ಕೆಲಸ ಮಾಡಿದಾಕೆ. ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ. ಜೊತೆ ಕೆಲಸದಾಕೆಯನ್ನು ಕೇಳಿ ತಿಳಿದುಕೊಂಡೆ. ಗುಡ್ಡದ ಬುಡದ ಒಂದು ಓಣಿ. ಒಂದೇ ಕೋಣೆ. ಬಾಗಿಲ ಹತ್ತಿರ ಕೂತು ಆಕೆ ದಾರ ಕತ್ತರಿಸುತ್ತಿದ್ದಳು. ಬೇರೆ ಯಾರದೋ ಪ್ಯಾಂಟ್, ಗಂಟು ಗಂಟಾಗಿ ಪಕ್ಕದಲ್ಲಿ ಬಿದ್ದಿದ್ದವು. ಇನ್ನೊಂದು ಕಡೆ ಕೆಲಸ ಹಿಡಿದಾಗಿತ್ತು.

ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಅಕ್ಕಾ" ಅಂದಳು. ಮಗಳಿಗೆ ಚಾ ಇಡೋಕೆ ಹೇಳಿದಳು. ಚಾಪೆ ಹಾಸಿದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ನನ್ನ ಬಾಯಿಗೆ ಬರಲೇ ಇಲ್ಲ. ಕವರ್ ಕೈಗೆ ಕೊಟ್ಟು, "ಅವತ್ತು ಹಿಡಿದ ದುಡ್ಡು. ನಾನು ಮಾಡಿದ್ದು ತಪ್ಪು" ಅಂದೆ.

ಆಕೆ ಕವರ್ ತೆರೆದು ಎಣಿಸಿದಳು. ಬೇಡ ಅನ್ನಲಿಲ್ಲ, ಅದು ನನಗೆ ಒಳ್ಳೆಯದೇ ಅನ್ನಿಸಿತು. ಅದು ಆಕೆಯ ದುಡ್ಡು. ಎಣಿಸಿ ಮಡಚಿ ಇಟ್ಟುಕೊಂಡು ಹೇಳಿದಳು. "ದುಡ್ಡಿಂದು ಬಿಡ್ರಿ ಅಕ್ಕಾ. ಬಡವರಿಗೆ ಹೋಗ್ತಾ ಬರ್ತಾ ಇರತೈತೆ. ನೀವು ನನ್ನ ಒಂದು ಮಾತು ಕೇಳಲಿಲ್ಲ ನೋಡ್ರಿ. ಹೆಂಗಾತು, ನೀನೇ ಮಾಡಿದೆ ಏನು ಅಂತ ಕೇಳಬೇಕಿತ್ತು. ಐದು ವರ್ಷದಾಗ ಒಂದು ಪೀಸು ಕೆಡಿಸಿದ್ದೆ ಏನ್ರಿ ನಾನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಚಾ ಬಂತು, ಕುಡಿದೆವು. ಮಗಳು ಹತ್ತನೇ ಕ್ಲಾಸ್ ಅಂತ ಅವತ್ತು ಗೊತ್ತಾಯಿತು. ವಾಪಸ್ ಕೆಲಸಕ್ಕೆ ಬಾ ಅಂತ ಕರೆದೆ. "ಅವರಿಗೆ ಮಾತು ಕೊಟ್ಟೀನಿ, ಸೀಜನ್ ನಡುವೆ ಬಿಟ್ಟು ಬಂದ್ರೆ ಅವರಿಗೂ ತೊಂದ್ರೆ ಅಲ್ಲೇನ್ರಿ" ಅಂದಳು. ಅಷ್ಟು ಆದ ಮೇಲೂ ಯಾರದೋ ಮಾಲು ತಡ ಆಗಬಾರದು ಅನ್ನೋ ಯೋಚನೆ ಆಕೆಗೆ. ಆಕೆ ಇವತ್ತಿಗೂ ನಮ್ಮಲ್ಲಿಗೆ ವಾಪಸ್ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತೇವೆ.

24ರ ಸಂಜೆ ಏಳಕ್ಕೆ ಕೊನೆಯ ಗಂಟು ಲಾರಿ ಏರಿತು. ಸ್ನಾನ ಮಾಡಿ, ಮಕ್ಕಳನ್ನು ಹೊರಡಿಸಿ, ರಾತ್ರಿ ಪೂಜೆಗೆ ಹೋದೆವು. ಆ ವರ್ಷ ನಮ್ಮ ಮನೆಯಲ್ಲಿ ಕೇಕ್ ಅಂಗಡಿಯದು. ಕರ್ಚಿಕಾಯಿ ನಾದಿನಿ ಕಳಿಸಿದ್ದು. ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ನಾಲ್ಕು ವಾರ ಮೌನವಾಗಿದ್ದ ಮಹಿಮಾಗೀತೆ ಶುರುವಾದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ಪ್ರತಿ ವರ್ಷ ಕೇಳುತ್ತೇನೆ. ಆ ವರ್ಷ ಮಾತ್ರ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಸಂತೋಷವೋ, ಆಕೆಯ ಮಾತು ನೆನಪಾಗಿಯೋ, ಬಿಡಿಸಿ ಹೇಳಲಾರೆ. ಎರಡೂ ಇತ್ತು.

ಈಗ ಈ ವರ್ಷದ ಮಾತು. ಆಗಮನ ಕಾಲ ನವೆಂಬರ್ 30ಕ್ಕೆ ಶುರುವಾಯಿತು. ನಮ್ಮಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಈ ಸಲ ಮತ್ತಾಯನ ಶುಭಸಂದೇಶದ ವರ್ಷ. ಲೂಕನ ಆ ಪ್ರಶ್ನೆಯನ್ನು ಮೂರನೇ ಭಾನುವಾರ ಮತ್ತೆ ಕೇಳೋಕೆ 2027ರವರೆಗೆ ಕಾಯಬೇಕು. ಹಾಗಂತ ಈ ವರ್ಷ ಪಾರಾದೆ ಅಂದುಕೊಳ್ಳುವಂತಿರಲಿಲ್ಲ. ಹೋದ ಭಾನುವಾರ ಸಂತ ಯಕೋಬನ ಪತ್ರದ 5ನೇ ಅಧ್ಯಾಯ ಓದಿದರು. ರೈತ ಮುಂಗಾರು ಹಿಂಗಾರು ಮಳೆಗೆ ಕಾಯೋ ಹಾಗೆ ತಾಳ್ಮೆಯಿಂದ ಪ್ರಭುವಿಗೆ ಕಾಯಿರಿ ಅನ್ನೋ ಭಾಗ. ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋಡ ನೋಡುತ್ತಾ ಬದುಕಿದ ಜನ ನಾವು. ಓದಿದ್ದು 7ನೇ ವಚನದಿಂದ. ಮನೆಗೆ ಬಂದು ಬೈಬಲ್ ತೆರೆದು ಸ್ವಲ್ಪ ಮೇಲಿನಿಂದ ಓದಿದೆ. 4ನೇ ವಚನದಲ್ಲಿ ಯಕೋಬ ಹೊಲದ ಯಜಮಾನರಿಗೆ ಹೇಳುತ್ತಾನೆ. ನಿಮ್ಮ ಬೆಳೆ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ. ತಾಳ್ಮೆಯಿಂದ ಕಾಯಿರಿ ಅನ್ನೋ ಮಾತು ಬರೋದು ಅದಾದ ಮೇಲೆ. ಕೂಲಿ ಮೊದಲು, ಕಾಯೋದು ಆಮೇಲೆ.

ನಾಳೆ ನಾಲ್ಕನೇ ಭಾನುವಾರ, ಜೋಸೆಫರ ಕನಸಿನ ಭಾಗ. ತಮಗೆ ನಿಶ್ಚಯವಾಗಿದ್ದ ಮರಿಯಮ್ಮ ಗರ್ಭಿಣಿ ಅಂತ ತಿಳಿದು, ಸದ್ದಿಲ್ಲದೆ ಬಿಟ್ಟುಬಿಡಬೇಕು ಅಂದುಕೊಂಡಿದ್ದರು ಜೋಸೆಫ್. ಆದರೆ 'ಹೋಗು' ಅಂತ ಅವತ್ತೇ ಹೇಳಿಬಿಡಲಿಲ್ಲ. ಮಲಗಿದರು. ಒಂದು ರಾತ್ರಿ ಬಿಟ್ಟರು. ಆ ರಾತ್ರಿಯಲ್ಲೇ ದೇವದೂತ ಬಂದ. ಅವರೂ ಕೈಕೆಲಸದವರು, ಬಡಗಿ. ಅವರ ಹತ್ತಿರವೂ ತಡವಾದ ಮಾಲು, ಬಾಕಿ ಲೆಕ್ಕ ಇದ್ದೇ ಇರಬೇಕು ಅಂತ ನಾನು ಯೋಚಿಸುತ್ತೇನೆ.

ಬೆಳಗಿನ ಹದಿನೈದು ನಿಮಿಷ ಈ ವರ್ಷವೂ ಇದೆ. ಅದನ್ನು ಬಿಟ್ಟಿಲ್ಲ, ಬಿಡಬಾರದು. ಈಗ ಕೂರೋ ಜಾಗ ಬದಲಾಗಿದೆ. ಮಹಡಿ ಬಿಟ್ಟು ಕೆಳಗಿನ ಹಾಲ್‌ನಲ್ಲಿ, ಮಷಿನ್‌ಗಳ ನಡುವೆ ಕೂರುತ್ತೇನೆ. ಯಾವ ಸ್ಟೂಲ್ ಮೇಲೆ ಯಾರು ಕೂರುತ್ತಾರೋ ಅವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಅವ್ವನ ಬುಟ್ಟಿಯನ್ನೂ ಹೊರಗೆ ತೆಗೆದೆ. ಸಿರುಗುಪ್ಪ ಕಡೆಯಿಂದ ಬರುವ ಹುಡುಗನೊಬ್ಬ ಒಂದು ಹಿಡಿ ಭತ್ತದ ಹುಲ್ಲು ತಂದುಕೊಟ್ಟ. ಮಕ್ಕಳು ದೊಡ್ಡವರಾಗಿದ್ದಾರೆ, ಮೊದಲು ನಾಚಿಕೊಂಡರು. ಈಗ ಯಾವಾಗ ಹಾಕುತ್ತಾರೋ ಗೊತ್ತಾಗುವುದಿಲ್ಲ, ಒಂದೊಂದೇ ಎಳೆ ಜಾಸ್ತಿ ಆಗಿರುತ್ತದೆ. ಇನ್ನೂ ತಳ ಮುಚ್ಚಿಲ್ಲ.

ಇವತ್ತು ಶನಿವಾರ, ಬಟವಾಡೆ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಈ ವರ್ಷ ಒಂದು ಹೊಸ ಪದ್ಧತಿ ಮಾಡಿಕೊಂಡಿದ್ದೇನೆ. ದುಡ್ಡು ಕೈಗಿಡುವ ಮುಂಚೆ ಲೆಕ್ಕದ ಪುಸ್ತಕ ಅವರ ಕಡೆ ತಿರುಗಿಸುತ್ತೇನೆ. "ಸರಿ ಐತಾ ನೋಡ್ರಿ, ಏನಾದ್ರೂ ಹೇಳೋದು ಐತಾ?" ಅಂತ ಕೇಳುತ್ತೇನೆ. ಮೊದಲ ವಾರಗಳಲ್ಲಿ ಯಾರೂ ಏನೂ ಹೇಳಲಿಲ್ಲ. ಸರಿ ಐತ್ರಿ ಅಂದು ಹೋಗುತ್ತಿದ್ದರು. ಬಟವಾಡೆಗೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ಇವತ್ತು ಎಲ್ಲರೂ ಹೋದ ಮೇಲೆ ಬಟನ್ ಹಾಕೋ ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಹತ್ತೊಂಬತ್ತು ವಯಸ್ಸು, ಹೊಸಬ, ತಲೆ ಎತ್ತಿ ಮಾತಾಡಿದವನಲ್ಲ. ಚಪ್ಪಲಿ ಹಾಕಿಕೊಂಡ, ಮತ್ತೆ ಬಿಟ್ಟ. ಆಮೇಲೆ ಹತ್ತಿರ ಬಂದ.

"ಅಕ್ಕಾ, ಹೋದ ವಾರ ಇಪ್ಪತ್ತು ಪೀಸು ಕಡಿಮೆ ಬರ್ದಿದ್ರಿ" ಅಂದ.

ಪುಟ ತಿರುಗಿಸಿ ನೋಡಿದೆ. ಕಡಿಮೆ ಬರೆದಿದ್ದೆ.